ದವಾಖಾನೆಗೆ ಗುಣಮಟ್ಟದ ಮುದ್ರೆ: ಅದನ್ನು ಪರೀಕ್ಷಿಸುವ ಬಗೆ



ಮುಂಗಾರಿಗೆ ಮುಂಚೆ ಸೋಯಾ ಬೀಜದ ಚೀಲ ಮನೆಗೆ ಬರುತ್ತದೆ. ಚೀಲದ ಬಾಯಿಗೆ ನೀಲಿ ಚೀಟಿ ಹೊಲಿದಿದ್ದರೆ ಅದು ಪ್ರಮಾಣಿತ ಬೀಜವೆಂದು ನಾವೆಲ್ಲರೂ ಬಲ್ಲೆವು. ಸೋಯಾಕ್ಕೆ ಆ ಚೀಟಿ ದೊರೆಯಬೇಕಾದರೆ ನೂರು ಕಾಳಿನಲ್ಲಿ ಎಪ್ಪತ್ತಾದರೂ ಮೊಳೆಯಬೇಕೆಂಬುದು ನಿಯಮ. ಆದರೂ ಅನುಭವಸ್ಥನಾದ ರೈತನು ಚೀಟಿ ನೋಡಿದ ಮಾತ್ರಕ್ಕೆ ಕೂರಿಗೆ ಹೂಡುವುದಿಲ್ಲ. ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ನೆರಳಲ್ಲಿಟ್ಟು, ನಾಲ್ಕಾರು ದಿನದ ಮೇಲೆ ಬಿಚ್ಚಿ, ಮೊಳೆತದ್ದೆಷ್ಟು ಕೊಳೆತದ್ದೆಷ್ಟು ಎಂದು ತಾನೇ ಎಣಿಸುತ್ತಾನೆ. ಚೀಟಿಯ ಮೇಲೆ ಅವನಿಗೆ ಅಪನಂಬಿಕೆಯೆಂದು ಇದರ ಅರ್ಥವಲ್ಲ. ಬೀಜ ಹುಸಿಯಾದರೆ ಪಾಳು ಬೀಳುವ ಹೊಲ ಚೀಟಿ ಬರೆದವರದಲ್ಲ, ಅವನದು.

ನಮ್ಮ ಸರ್ಕಾರೀ ದವಾಖಾನೆಗಳಿಗೂ ಇಂತಹುದೊಂದು ಚೀಟಿ ಬಂದಿದೆ. ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನಕಗಳೆಂದು ಅದರ ಹೆಸರು, ಕಚೇರಿಯಲ್ಲಿ ಎನ್.ಕ್ಯು.ಎ.ಎಸ್. ಎನ್ನುತ್ತಾರೆ. ಪರೀಕ್ಷೆಯಲ್ಲಿ ಗೆದ್ದ ದವಾಖಾನೆಯ ಗೋಡೆಯ ಮೇಲೆ ಪ್ರಮಾಣಪತ್ರ ತೂಗುತ್ತದೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ಅದನ್ನು ಕಂಡು ಕೇಳುವವರುಂಟು: “ಗ್ವಾಡಿಗಿ ಕಾಗದ ತೂಗ ಹಾಕಿದ್ರ ನಮ್ಮ ಸೊಸಿಗಿ ಹೆರಿಗಿ ಸಸಾರ ಆಗ್ತದೇನ್ರಿ ಸಾಹೇಬ್ರ?” ಈ ಪ್ರಶ್ನೆ ನ್ಯಾಯವಾದದ್ದು. ನಗೆಯಾಡಿ ಬಿಡತಕ್ಕದ್ದಲ್ಲ. ಬೀದರ ನಗರದಲ್ಲಿ, ಭಾಲ್ಕಿಯಲ್ಲಿ, ಔರಾದಿನಲ್ಲಿ ಇರುವ ನಮ್ಮ ಸರ್ಕಾರೀ ದವಾಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನದಲ್ಲಿ ಅದಕ್ಕೆ ಉತ್ತರ ಹುಡುಕೋಣ.

ಈ ಮುದ್ರೆ ಏಕೆ ಬೇಕಾಯಿತು?

ಹಿಂದಿನದನ್ನು ಸ್ವಲ್ಪ ನೆನೆಯಬೇಕು. ೧೯೪೬ರಲ್ಲಿ ಭೋರ್ ಸಮಿತಿಯು ವರದಿ ಕೊಟ್ಟು, ಹಳ್ಳಿಗಾಡಿನಲ್ಲಿ ನಲವತ್ತು ಸಾವಿರ ಜನಕ್ಕೊಂದರಂತೆ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂದಿತು. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದಾಗ, ಪ್ರತಿಯೊಂದು ಅಭಿವೃದ್ಧಿ ಖಂಡಕ್ಕೂ ಒಂದೊಂದು ಕೇಂದ್ರ ಕಟ್ಟುವ ಕೆಲಸವೂ ಹಾಗೆಯೇ ಮೊದಲಾಯಿತು. ಆಗ ನಮ್ಮ ಬೀದರ ಹೈದರಾಬಾದು ರಾಜ್ಯದಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು.

ಹತ್ತು ವರ್ಷ ಕಳೆಯುವುದರೊಳಗೆ ತೊಡಕು ಕಾಣಿಸಿತು. ಡಾಕ್ಟರ್ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಸಮಿತಿಯು ದೇಶದ ಕೇಂದ್ರಗಳನ್ನು ನೋಡಿ ಹೇಳಿದ್ದೇನೆಂದರೆ: ಕೇಂದ್ರಗಳ ಸಂಖ್ಯೆ ಬೆಳೆದಿದೆ, ಅವುಗಳೊಳಗೆ ಸಾಕಷ್ಟು ಸಿಬ್ಬಂದಿಯಿಲ್ಲ, ಕೆಲಸದ ಗುಣ ಸಾಲದು; ಹೊಸದನ್ನು ತೆರೆಯುವ ಮೊದಲು ಇದ್ದುದನ್ನು ಬಲಪಡಿಸಿರಿ. ಈ ಮಾತು ೧೯೬೨ರ ಸುಮಾರಿನದು. ಅಂದರೆ, ಕಟ್ಟಡ ಒಂದು, ದವಾಖಾನೆ ಇನ್ನೊಂದು ಎಂಬ ತಿಳಿವಳಿಕೆ ಹೊಸದೇನಲ್ಲ. ಆದರೆ ದವಾಖಾನೆ ಎಂಬುದನ್ನು ಅಳೆಯುವ ಕೋಲು ಆಗ ಇರಲಿಲ್ಲ. ಯಾವ ಮಟ್ಟದ ಕೇಂದ್ರದಲ್ಲಿ ಏನೇನಿರಬೇಕೆಂಬ ಪಟ್ಟಿ, ಭಾರತೀಯ ಸಾರ್ವಜನಿಕ ಆರೋಗ್ಯ ಮಾನಕಗಳೆಂಬ ಹೆಸರಿನಿಂದ ಬಂದದ್ದು ೨೦೦೭ರಲ್ಲಿ. ಅದನ್ನು ೨೦೧೨ರಲ್ಲೂ ೨೦೨೨ರಲ್ಲೂ ತಿದ್ದಿದರು. ಇರಬೇಕಾದದ್ದು ಇದೆಯೇ ಎನ್ನುವುದು ಆ ಪಟ್ಟಿ. ಇದ್ದುದು ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳುವುದು ೨೦೧೩ರಲ್ಲಿ ಬಂದ ಗುಣಮಟ್ಟದ ಮಾನಕ.

ಈ ಎರಡನೆಯ ಪ್ರಶ್ನೆಗೆ ಈಗ ತೂಕ ಬಂದಿರುವುದಕ್ಕೆ ಕಾರಣವುಂಟು. ೨೦೦೫–೦೬ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೬೫ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ೨೦೧೯–೨೦ರ ಸಮೀಕ್ಷೆಯ ವೇಳೆಗೆ ಅದು ೯೭ಕ್ಕೇರಿತು. ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿದ್ದು, ೧೦೮ರ ಗಾಡಿ ಬಂದದ್ದು, ೨೦೧೧ರಿಂದ ಹೆರಿಗೆ, ಔಷಧ, ಪರೀಕ್ಷೆ, ಊಟ, ಹೋಗಿಬರುವ ಗಾಡಿ ಎಲ್ಲವೂ ಬಾಣಂತಿಗೆ ಉಚಿತವಾದದ್ದು, ಎಲ್ಲವೂ ಸೇರಿ ಈ ಬದಲಾವಣೆಯಾಯಿತು. ತಾಯಂದಿರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ, ಬಾಗಿಲಿಗೆ ಬಂದಿದ್ದಾರೆ. ಇನ್ನು ಬಾಗಿಲೊಳಗೆ ಏನಾಗುತ್ತದೆ ಎಂಬುದೇ ಪ್ರಶ್ನೆ.

ಅಂಕ ಕೊಡುವ ಕ್ರಮ

ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಆರು ಭಾಗ ಮಾಡಿ ನೋಡುತ್ತಾರೆ: ಹೊರರೋಗಿಗಳ ಕೋಣೆ, ಹೆರಿಗೆ ಕೋಣೆ, ಒಳರೋಗಿಗಳ ವಾರ್ಡು, ರಕ್ತ-ಮೂತ್ರ ಪರೀಕ್ಷೆಯ ಕೋಣೆ, ಕ್ಷಯ-ಮಲೇರಿಯಾ ಮೊದಲಾದ ರಾಷ್ಟ್ರೀಯ ಕಾರ್ಯಕ್ರಮಗಳು, ಆಡಳಿತ. ಪ್ರತಿಯೊಂದರಲ್ಲಿಯೂ ಎಂಟು ವಿಷಯಗಳನ್ನು ಕೆದಕುತ್ತಾರೆ. ದೊರೆಯುವ ಸೇವೆ ಯಾವುದು, ರೋಗಿಯ ಹಕ್ಕು ಉಳಿದಿದೆಯೇ, ಜನ-ಜಾಗ-ಔಷಧ ಇದೆಯೇ, ನೀರು-ಬೆಳಕು-ಹಾಸಿಗೆಬಟ್ಟೆಯ ವ್ಯವಸ್ಥೆ ಹೇಗೆ, ಚಿಕಿತ್ಸೆ ಕ್ರಮವಾಗಿದೆಯೇ, ಸೋಂಕು ಹರಡದಂತೆ ತಡೆ ಇದೆಯೇ, ತಪ್ಪು ಕಂಡರೆ ತಿದ್ದಿಕೊಳ್ಳುವ ಪದ್ಧತಿ ಇದೆಯೇ, ಕೊನೆಗೆ ಫಲಿತಾಂಶವೇನು.

ಪ್ರತಿ ಅಂಶಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಪೂರ್ತಿ ಸರಿಯಿದ್ದರೆ ಎರಡು, ಅರೆಬರೆ ಇದ್ದರೆ ಒಂದು, ಇಲ್ಲವಾದರೆ ಸೊನ್ನೆ. ಮೊದಲು ದವಾಖಾನೆಯವರೇ ತಮ್ಮನ್ನು ನೋಡಿಕೊಳ್ಳುತ್ತಾರೆ, ಆಮೇಲೆ ರಾಜ್ಯದವರು, ಕಡೆಗೆ ಕೇಂದ್ರದಿಂದ ನೇಮಕವಾದ ಹೊರಗಿನ ಪರೀಕ್ಷಕರು. ಒಟ್ಟಿನಲ್ಲಿ ನೂರಕ್ಕೆ ೭೦ ಬರಬೇಕು. ಸೋಯಾ ಬೀಜದ ಲೆಕ್ಕವೂ ಇದೇ ಆದದ್ದು ಕಾಕತಾಳೀಯ. ಆದರೆ ಇಲ್ಲಿ ಒಂದು ಬಿಗಿ ಇದೆ: ಕಡತದಲ್ಲಿ ನೂರು ಪಡೆದು ಹೆರಿಗೆ ಕೋಣೆಯಲ್ಲಿ ನಲವತ್ತು ಪಡೆದರೆ ಸರಾಸರಿ ತೋರಿಸಿ ಗೆಲ್ಲುವಂತಿಲ್ಲ. ಪ್ರತಿ ಭಾಗದಲ್ಲಿಯೂ ಮಟ್ಟ ಮುಟ್ಟಲೇಬೇಕು. ಸಾಲಿನ ಆ ತುದಿ ದಟ್ಟವಾಗಿ ಎದ್ದು ಈ ತುದಿ ಖಾಲಿ ಬಿದ್ದರೆ ಬೆಳೆ ಎನ್ನಲಾದೀತೇ?

ಪರೀಕ್ಷಕರು ನಾಲ್ಕು ಬಗೆಯಲ್ಲಿ ಸತ್ಯವನ್ನು ಹೊರಡಿಸುತ್ತಾರೆ: ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ದಾಖಲೆ ಓದುತ್ತಾರೆ, ರೋಗಿಯನ್ನು ಮಾತಾಡಿಸುತ್ತಾರೆ. ಈ ನಾಲ್ಕನೆಯದನ್ನು ನೆನಪಿನಲ್ಲಿಡಿ. ಮುಂದೆ ಅದರ ಮಾತು ಬರುತ್ತದೆ.

ಇದರ ಜೊತೆಗೆ ಎರಡು ಸಣ್ಣ ಪರೀಕ್ಷೆಗಳುಂಟು. ೨೦೧೫ರ ಮೇ ತಿಂಗಳಲ್ಲಿ ಬಂದ ಕಾಯಕಲ್ಪವು ಮುಖ್ಯವಾಗಿ ಶುಚಿತ್ವದ ಸ್ಪರ್ಧೆ. ಗೆದ್ದ ಹಣದಲ್ಲಿ ಮುಕ್ಕಾಲು ಪಾಲು ದವಾಖಾನೆಯ ಸುಧಾರಣೆಗೆ, ಕಾಲು ಪಾಲು ಸಿಬ್ಬಂದಿಗೆ ಎಂದು ಗೊತ್ತುಮಾಡಿದರು. ೨೦೧೭ರ ಡಿಸೆಂಬರಿನಲ್ಲಿ ಬಂದ ಲಕ್ಷ್ಯ ಎಂಬುದು ಹೆರಿಗೆ ಕೋಣೆ ಮತ್ತು ಸಿಸೇರಿಯನ್ ಕೋಣೆಗೆ ಮಾತ್ರ ಸಂಬಂಧಿಸಿದ್ದು.

ಹೆರಿಗೆ ಕೋಣೆಯ ಬಾಗಿಲು ತೆರೆದು ನೋಡಿದರೆ

ಅಂಕಗಳ ಮಾತು ಒಣಗಿದಂತೆ ಕೇಳುತ್ತದೆ. ಆದುದರಿಂದ ಒಂದು ಕೋಣೆಯೊಳಗೆ ಹೋಗೋಣ. ಹೆಂಗಸರು ಈ ಭಾಗವನ್ನು ಓದಿಸಿ ಕೇಳಿದರೆ ಒಳ್ಳೆಯದು.

ಹೆರಿಗೆಯಾದ ಕೂಡಲೇ, ಒಂದು ನಿಮಿಷದೊಳಗೆ, ತಾಯಿಗೆ ಆಕ್ಸಿಟೋಸಿನ್ ಎಂಬ ಇಂಜೆಕ್ಷನ್ ೧೦ ಯೂನಿಟ್ ಕೊಡಬೇಕು. ಗರ್ಭಕೋಶ ಬಿಗಿದು ರಕ್ತ ನಿಲ್ಲುತ್ತದೆ. ಈ ಔಷಧ ತಂಪಿನಲ್ಲಿರಬೇಕು. ನಮ್ಮ ಬೀದರದ ಏಪ್ರಿಲ್-ಮೇ ಬಿಸಿಲಿನಲ್ಲಿ ಮೇಜಿನ ಮೇಲೆ ಬಿದ್ದಿದ್ದರೆ ಅದರ ಕಸುವು ಹೋಗುತ್ತದೆ. ಬಾಟಲಿ ಇದೆ, ತಾರೀಖು ಮೀರಿಲ್ಲ, ಇಂಜೆಕ್ಷನ್ನೂ ಕೊಟ್ಟಿದ್ದಾರೆ. ಆದರೂ ರಕ್ತ ನಿಲ್ಲಲಿಲ್ಲ ಎಂದರೆ ಒಂದು ಕಾರಣ ಇದಾಗಿರಬಹುದು. ಪರೀಕ್ಷಕರು ಫ್ರಿಜ್ ತೆರೆದು ನೋಡುತ್ತಾರೆ, ಅದರ ಉಷ್ಣತೆಯನ್ನು ದಿನಾಲೂ ಬರೆದ ಕಾಗದ ನೋಡುತ್ತಾರೆ, ಕರೆಂಟು ಹೋದಾಗ ಏನು ಮಾಡುತ್ತೀರಿ ಎಂದು ನರ್ಸಮ್ಮನವರನ್ನು ಕೇಳುತ್ತಾರೆ. ಕಟ್ಟಡ ಎಷ್ಟು ಚೆಂದವಿದ್ದರೂ ಈ ಸಣ್ಣ ಪೆಟ್ಟಿಗೆ ತಣ್ಣಗಿಲ್ಲದಿದ್ದರೆ ಎಲ್ಲ ವ್ಯರ್ಥ. ಹೆರಿಗೆಯ ನಂತರದ ಹೆಚ್ಚಿನ ರಕ್ತಸ್ರಾವದಲ್ಲಿ ಎರಡು ತಾಸಿನೊಳಗೆ ಜೀವ ಹೋಗಬಲ್ಲದೆಂಬುದನ್ನು ಮರೆಯಬಾರದು.

ಹಾಗೆಯೇ, ರಕ್ತದೊತ್ತಡ ಏರಿ ಬಸುರಿಗೆ ಫಿಟ್ಸ್ ಬಂದರೆ ಕೊಡುವ ಮ್ಯಾಗ್ನೀಷಿಯಂ ಸಲ್ಫೇಟ್ ಕೈಗೆ ಸಿಗುವಂತಿದೆಯೇ? ಹುಟ್ಟಿದ ಕೂಸು ಅಳದಿದ್ದರೆ ಉಸಿರು ತುಂಬುವ ಚೀಲ ಮತ್ತು ಮುಖಕವಚ ಮೇಜಿನ ಮೇಲಿದೆಯೇ, ಅಲಮಾರಿಯಲ್ಲಿ ಬೀಗದೊಳಗಿದೆಯೇ? ಹೆರಿಗೆ ಮೇಜಿಗೆ ಪರದೆ ಇದೆಯೇ? ಕೈತೊಳೆಯುವ ನಲ್ಲಿಯಲ್ಲಿ ನೀರು ಬರುತ್ತದೆಯೇ? ಕಸಕ್ಕೆ ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು ಬೇರೆಬೇರೆಯಾಗಿವೆಯೇ, ಸೂಜಿಗಳು ಕಸದ ಗುಂಡಿಗೆ ಬಿದ್ದು ದನ-ಮಕ್ಕಳ ಕಾಲಿಗೆ ಚುಚ್ಚುವಂತಿವೆಯೇ? ಹಣ ಕೇಳುತ್ತಾರೆಯೇ ಎಂಬುದಕ್ಕೂ ಇಲ್ಲಿ ಅಂಕವಿದೆ. ಬಡವನಿಗೆ ದುಡ್ಡಿನ ತಡೆ ಇರಕೂಡದೆಂಬುದು ಈ ಮಾನಕಗಳಲ್ಲೊಂದು.

ಇಷ್ಟನ್ನು ನೋಡಿದರೆ ಮುದ್ರೆಯು ಬರೀ ತೋರಿಕೆ ಎನ್ನುವಂತಿಲ್ಲ. ಸರಿಯಾಗಿ ಮಾಡಿದರೆ ಅದು ಕೈಕೆಲಸಕ್ಕೆ ಶಿಸ್ತು ತರುತ್ತದೆ. ಸಾಹೇಬರು ಬರುವ ಮುನ್ನಾದಿನ ಸುಣ್ಣ ಬಳಿಯುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಇಲ್ಲವೆಂದು ಯಾರೂ ಹೇಳಲಾರರು, ಅದು ಬೇರೆ ಮಾತು. ತಿಂಗಳುಗಟ್ಟಲೆ ಬರೆದ ಉಷ್ಣತೆಯ ಕಾಗದವನ್ನು ಒಂದು ರಾತ್ರಿಯಲ್ಲಿ ಬರೆದರೆ ಶಾಯಿಯೇ ಹೇಳಿಬಿಡುತ್ತದೆ.

ಮುದ್ರೆಯಿಂದ ಜೀವ ಉಳಿಯುತ್ತದೆಯೇ?

ಇಲ್ಲಿ ಗೋಣಿತಟ್ಟಿನ ಪರೀಕ್ಷೆ ಬರುತ್ತದೆ. ಕ್ರಮವಾಗಿ ಕೆಲಸ ಮಾಡುವುದನ್ನು ಕಲಿಸಿ, ತಾಳೆ ನೋಡಿದರೆ ತಾಯಿ-ಮಗುವಿನ ಸಾವು ಕಡಿಮೆಯಾಗುತ್ತದೆಯೇ? ಇದನ್ನು ನಮ್ಮ ದೇಶದಲ್ಲಿಯೇ ಪರೀಕ್ಷಿಸಿ ನೋಡಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ಸಮಯದಲ್ಲಿ ಮರೆಯದೆ ಮಾಡಬೇಕಾದ ಕೆಲಸಗಳ ಒಂದು ಪಟ್ಟಿ ಮಾಡಿತು. ಅದನ್ನು ಮೊದಲು ಪ್ರಯೋಗಿಸಿದ್ದು ಕರ್ನಾಟಕದ ಒಂದು ಉಪಜಿಲ್ಲಾ ಆಸ್ಪತ್ರೆಯಲ್ಲಿ. ಅದರ ವರದಿ ೨೦೧೨ರಲ್ಲಿ ಪ್ರಕಟವಾಯಿತು. ಪ್ರತಿ ಹೆರಿಗೆಯಲ್ಲಿ ಮಾಡಬೇಕಾದ ೨೯ ಕೆಲಸಗಳಲ್ಲಿ ಮೊದಲು ಸರಾಸರಿ ೧೦ ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ ೨೫ ನಡೆದವು. ಕೇಳಿದವರೆಲ್ಲ ಹಿಗ್ಗಿದರು.

ಆಮೇಲೆ ಇದನ್ನು ದೊಡ್ಡದಾಗಿ ಉತ್ತರ ಪ್ರದೇಶದ ೨೪ ಜಿಲ್ಲೆಗಳ ೧೨೦ ಆಸ್ಪತ್ರೆಗಳಲ್ಲಿ ಮಾಡಿದರು. ಚೀಟಿ ಎತ್ತಿದ ಹಾಗೆ ಅರ್ಧ ಆಸ್ಪತ್ರೆಗಳನ್ನು ಆರಿಸಿ ಅಲ್ಲಿ ಪಟ್ಟಿ ಕೊಟ್ಟು, ತಿಂಗಳುಗಟ್ಟಲೆ ಬಂದು ಹೇಳಿಕೊಟ್ಟರು. ಉಳಿದರ್ಧವನ್ನು ಇದ್ದ ಹಾಗೆಯೇ ಬಿಟ್ಟರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ಹಿಡಿದು ೨೦೧೭ರಲ್ಲಿ ಫಲ ಪ್ರಕಟಿಸಿದರು. ಎರಡು ತಿಂಗಳ ಹೊತ್ತಿಗೆ ಕಲಿಸಿದ ಕಡೆ ನೂರಕ್ಕೆ ೭೩ ಕೆಲಸಗಳು ಕ್ರಮವಾಗಿ ನಡೆಯುತ್ತಿದ್ದವು, ಕಲಿಸದ ಕಡೆ ೪೨. ಕಲಿಸುವವರು ಹೋದ ನಂತರ, ವರ್ಷ ತುಂಬುವ ವೇಳೆಗೆ, ೭೩ ಇದ್ದುದು ೬೨ಕ್ಕೆ ಇಳಿಯಿತು. ಇದಾದರೂ ಸರಿ. ಆದರೆ ತಾಯಿಯ ಸಾವು, ಗಂಡಾಂತರ, ಏಳು ದಿನದೊಳಗೆ ಕೂಸಿನ ಸಾವು ಇವನ್ನು ಸೇರಿಸಿ ಎಣಿಸಿದಾಗ, ಕಲಿಸಿದ ಕಡೆ ನೂರಕ್ಕೆ ೧೫.೧, ಕಲಿಸದ ಕಡೆ ೧೫.೩. ಅಂದರೆ ಹೆಚ್ಚು ಕಡಿಮೆ ಒಂದೇ.

ಈ ಫಲವನ್ನು ಕಂಡು ಕೆಲಸವೇ ಬೇಡವೆನ್ನುವುದು ತಪ್ಪು. ಉತ್ತು, ಹರಗಿ, ಗೊಬ್ಬರ ಹಾಕಿದ ಮೇಲೂ ಮಳೆ ಬಾರದಿದ್ದರೆ ಬೆಳೆ ಬರುವುದಿಲ್ಲ. ಹಾಗೆಂದು ಉಳುಮೆ ಬಿಡುತ್ತೇವೆಯೇ? ಕೈತೊಳೆದು, ಇಂಜೆಕ್ಷನ್ ಕೊಟ್ಟು, ಎಲ್ಲವನ್ನು ಸರಿಯಾಗಿ ಮಾಡಿದ ಮೇಲೂ ಕೆಲವು ತಾಯಂದಿರಿಗೆ ರಕ್ತ ಬೇಕು, ಸಿಸೇರಿಯನ್ ಬೇಕು, ನುರಿತ ಡಾಕ್ಟರು ಬೇಕು. ಇವು ಆ ಕೋಣೆಯ ಪಟ್ಟಿಯಲ್ಲಿಲ್ಲ. ಆದುದರಿಂದ ಈ ಪ್ರಯೋಗದಿಂದ ನನಗೆ ತೋರುವ ತಾತ್ಪರ್ಯ ಇಷ್ಟೇ: ಕೆಲಸದ ಕ್ರಮಕ್ಕೆ ಕೊಟ್ಟ ಅಂಕವನ್ನು ಜೀವ ಉಳಿದದ್ದಕ್ಕೆ ಕೊಟ್ಟ ಅಂಕವೆಂದು ಓದಕೂಡದು. ಅವೆರಡನ್ನೂ ಬೇರೆಬೇರೆಯಾಗಿ ಕೇಳಬೇಕು.

ಹೋಲಿಕೆಯಲ್ಲಿ ಆಗುವ ಮೋಸ

ಇನ್ನೊಂದು ಎಚ್ಚರ. ಮುದ್ರೆ ಪಡೆದ ದವಾಖಾನೆಯಲ್ಲಿ ಕೆಲಸ ಚೆನ್ನಾಗಿದೆ, ಪಡೆಯದ ಕಡೆ ಚೆನ್ನಾಗಿಲ್ಲ, ನೋಡಿರಿ ಮುದ್ರೆಯ ಮಹಿಮೆ ಎಂದು ಯಾರಾದರೂ ಹೇಳಿದರೆ ತಡೆದು ಕೇಳಬೇಕು. ಪ್ರಾತ್ಯಕ್ಷಿಕೆಯ ತಾಕನ್ನು ಬಾವಿಯ ಬದಿಯ ಕರಿಮಣ್ಣಿನಲ್ಲಿ ಮಾಡಿ, ಆ ಇಳುವರಿಯನ್ನು ಗುಡ್ಡದ ಮೇಲಿನ ಕೆಂಪು ಗರಸಿನ ಇಳುವರಿಗೆ ಹೋಲಿಸಿದರೆ ಬೀಜದ ಗುಣ ತಿಳಿದೀತೇ? ಮೊದಲೇ ಡಾಕ್ಟರು, ನರ್ಸು, ನೀರು ಇದ್ದ ದವಾಖಾನೆಯೇ ಪರೀಕ್ಷೆಗೆ ಮುಂದೆ ಬರುತ್ತದೆ, ಗೆಲ್ಲುತ್ತದೆ. ಹುದ್ದೆ ಖಾಲಿ ಬಿದ್ದದ್ದು ಅರ್ಜಿಯನ್ನೇ ಹಾಕುವುದಿಲ್ಲ. ಆದುದರಿಂದ ಒಂದೇ ದವಾಖಾನೆಯ ಮುಂಚಿನ ಮತ್ತು ನಂತರದ ಲೆಕ್ಕವನ್ನು ಹೋಲಿಸಬೇಕು. ಅದರ ಜೊತೆಗೆ ಅದೇ ತೆರನಾದ, ಮುದ್ರೆಯಿಲ್ಲದ ಇನ್ನೊಂದರ ಲೆಕ್ಕವನ್ನೂ ಇಡಬೇಕು.

ಇದು ನಮ್ಮದೊಂದೇ ತೊಡಕಲ್ಲ. ಅಮೆರಿಕ ದೇಶದಲ್ಲಿ ೨೦೦೭ರಲ್ಲಿ ಒಂದು ಮಂಡಳಿ ಕಟ್ಟಿ, ೨೦೧೧ರಿಂದ ಆರೋಗ್ಯ ಇಲಾಖೆಗಳಿಗೇ ಮಾನ್ಯತೆ ಕೊಡಲಾರಂಭಿಸಿದರು. ೨೦೧೩ರ ಫೆಬ್ರವರಿಯಲ್ಲಿ ಮೊದಲ ೧೧ ಇಲಾಖೆಗಳು ಮಾನ್ಯತೆ ಪಡೆದವು. ಇದರಿಂದ ಪ್ರಯೋಜನವಾಯಿತೇ ಎಂದು ವಿಚಾರಿಸಿದಾಗ ಬಹುಪಾಲು ಇಲಾಖೆಗಳು, ಆಯಿತು, ನಮ್ಮ ಕೆಲಸ ಸುಧಾರಿಸಿತು ಎಂದವು. ಆದರೆ ಉತ್ತರ ಕೊಟ್ಟವರು ತಾವಾಗಿಯೇ ಶ್ರಮಪಟ್ಟು ಮಾನ್ಯತೆ ಪಡೆದವರು. ಆ ಮಾತಿಗೆ ಅಷ್ಟೇ ಬೆಲೆ ಕೊಡಬೇಕು. ಜನರ ಆರೋಗ್ಯ ಸುಧಾರಿಸಿತೇ ಎಂಬುದನ್ನು ಅವರು ಹೇಳಿಬಿಡುವುದರಿಂದ ಸಾಧಿಸಲಾಗುವುದಿಲ್ಲ.

ಎತ್ತಿಗೆ ಅಂಕ, ಮೇವಿಗೆ ಇಲ್ಲ

ಆದರೆ ಅಮೆರಿಕದ ಪದ್ಧತಿಯಲ್ಲಿ ನಾವು ಕಲಿಯತಕ್ಕದ್ದೊಂದಿದೆ. ಅಲ್ಲಿ ಅಂಕ ಕೊಡುವುದು ಇಲಾಖೆಗೆ. ಸಾಂಕ್ರಾಮಿಕ ರೋಗ ಕಂಡಾಗ ಎಷ್ಟು ಬೇಗ ಓಡಿದರು, ಪರಿಸರದ ಕೇಡನ್ನು ಹೇಗೆ ತಡೆದರು, ಜನರೊಡನೆ ಕೂಡಿ ಯೋಜನೆ ಮಾಡಿದರೇ ಎಂಬುದಕ್ಕೆ. ನಮ್ಮಲ್ಲಿ ಅಂಕ ಕೊಡುವುದು ದವಾಖಾನೆಗೆ. ಎತ್ತು ಬಡವಾದರೆ ಎತ್ತಿಗೆ ಸೊನ್ನೆ ಹಾಕುತ್ತೇವೆ, ಮೇವು ಹಾಕಬೇಕಾದವನನ್ನು ಕೇಳುವುದಿಲ್ಲ.

ದವಾಖಾನೆಯ ನರ್ಸಮ್ಮನವರು ಫ್ರಿಜ್ ಕಾಯಬಲ್ಲರು, ಕೋಣೆ ಶುಚಿಯಾಗಿಡಬಲ್ಲರು, ಮರ್ಯಾದೆಯಿಂದ ಮಾತಾಡಬಲ್ಲರು. ಅರಿವಳಿಕೆ ಡಾಕ್ಟರನ್ನು ನೇಮಿಸಲಾರರು. ಬಂದ ಔಷಧ ಒಳ್ಳೆಯದೋ ಕೆಟ್ಟದ್ದೋ ಎಂದು ಅವರು ಕಣ್ಣಿನಿಂದ ಹೇಳಲಾರರು. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ನರಕ್ಕೆ ಹಾಕುವ ಸಲೈನ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಆ ದ್ರಾವಣ ಆಸ್ಪತ್ರೆಯಲ್ಲಿ ತಯಾರಾದದ್ದಲ್ಲ, ಮೇಲಿನಿಂದ ಬಂದದ್ದು. ಗೋಡೆಯ ಮೇಲೆ ಯಾವ ಪ್ರಮಾಣಪತ್ರವಿದ್ದರೂ ಇಂತಹ ಬಾಟಲಿಯನ್ನು ಅದು ತಡೆಯಲಾರದು. ಕೊಂಡವರ, ಪರೀಕ್ಷಿಸಿದವರ, ದಾಸ್ತಾನಿಟ್ಟವರ ಕೆಲಸಕ್ಕೂ ಅಂಕ ಬೇಕು.

ನಮ್ಮ ಜಿಲ್ಲೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬೀದರದಲ್ಲಿ ೨೦೦೭ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧನಾ ಆಸ್ಪತ್ರೆಯಿದೆ. ಭಾಲ್ಕಿ, ಔರಾದಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಎರಡೂ ಊರುಗಳಿಂದ ಬೀದರಕ್ಕೆ ಹೆಚ್ಚು ಕಡಿಮೆ ೪೦ ಕಿಲೋಮೀಟರು. ಭಾಲ್ಕಿಗೆ ರೈಲಾದರೂ ಇದೆ, ಔರಾದಕ್ಕೆ ಅದೂ ಇಲ್ಲ. ಡಾಕ್ಟರ್ ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಔರಾದವನ್ನು ಅತಿ ಹಿಂದುಳಿದ ತಾಲೂಕುಗಳಲ್ಲಿ ಸೇರಿಸಿತ್ತು. ಚಿಂತಾಕಿಯ ಕಡೆಯ ಒಂದು ಊರಿನಲ್ಲಿ ರಾತ್ರಿ ಹೆರಿಗೆ ಬೇನೆ ಹತ್ತಿತೆನ್ನೋಣ. ಮೊದಲು ಆರೋಗ್ಯ ಕೇಂದ್ರ, ಅಲ್ಲಿಂದ ಔರಾದ, ಔರಾದದಲ್ಲಿ ಸಿಸೇರಿಯನ್ ಆಗದಿದ್ದರೆ ಬೀದರ. ಮೂರು ಕಡೆಯೂ ಮುದ್ರೆಯ ಕಾಗದವಿರಬಹುದು, ಪ್ರತಿಯೊಬ್ಬರೂ ತಮ್ಮ ತಮ್ಮ ಕೋಣೆಯಲ್ಲಿ ಎಪ್ಪತ್ತು, ಎಂಬತ್ತು ಪಡೆದಿರಬಹುದು. ಆದರೆ ಆ ಹೆಣ್ಣುಮಗಳ ಜೀವ ನಡುವಿನ ದಾರಿಯಲ್ಲಿದೆ. ಗಾಡಿ ಎಷ್ಟೊತ್ತಿಗೆ ಬಂತು, ಮೇಲಿನ ಆಸ್ಪತ್ರೆಗೆ ಮೊದಲೇ ಫೋನು ಹೋಯಿತೇ, ಜೊತೆಗೆ ನರ್ಸು ಕುಳಿತರೇ, ರಕ್ತ ಸಿದ್ಧವಿತ್ತೇ? ಈ ದಾರಿಗೆ ಒಟ್ಟಾಗಿ ಅಂಕ ಕೊಡುವವರು ಯಾರು? ಜಿಲ್ಲೆಯನ್ನೇ ಒಂದು ಘಟಕವೆಂದು ತೆಗೆದುಕೊಂಡು ಪರೀಕ್ಷಿಸುವವರೆಗೂ ಮುದ್ರೆಯ ಕೆಲಸ ಅರ್ಧವೇ ಎಂದು ನನ್ನ ಅಭಿಪ್ರಾಯ.

ಮೆಹಕರದ ಕಡೆಯವರು, ಔರಾದದ ಗಡಿಯ ಊರಿನವರು ಉದಗೀರಕ್ಕೋ ಲಾತೂರಿಗೋ ಹೋಗಿಬಿಡುತ್ತಾರೆಂಬುದನ್ನೂ ಗಮನಿಸಬೇಕು. ಹಾಗೆ ಹೋದವರ ಲೆಕ್ಕ ನಮ್ಮ ದವಾಖಾನೆಯ ಪುಸ್ತಕದಲ್ಲಿ ಬರುವುದಿಲ್ಲ. ರೋಗಿ ಬಾರದಿದ್ದರೆ ತಪ್ಪೂ ಕಾಣುವುದಿಲ್ಲ.

ಊರವರು ಕೇಳತಕ್ಕದ್ದು

ಊರವರು ಅಂಕ ಕೊಡುವುದು ಆಗದ ಮಾತೇನಲ್ಲ. ೨೦೦೭ರ ಸುಮಾರಿಗೆ ಗ್ರಾಮೀಣ ಆರೋಗ್ಯ ಅಭಿಯಾನದಡಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಇದನ್ನು ನಡೆಸಿದ್ದರು. ಊರಿನ ಜನ ಕೂಡಿ ಆರೋಗ್ಯ ಸೇವೆಗೆ ಹಸಿರು, ಹಳದಿ, ಕೆಂಪು ಬಣ್ಣದ ಗುರುತು ಹಾಕುವುದು, ಆಮೇಲೆ ಬಹಿರಂಗ ಸಭೆಯಲ್ಲಿ ಅಧಿಕಾರಿಗಳ ಮುಂದೆ ಅದನ್ನು ಓದುವುದು. ಓದು ಬಾರದವರಿಗೂ ಕೆಂಪು ಬಣ್ಣ ತಿಳಿಯುತ್ತಿತ್ತು.

ಈಗಲೂ ಪ್ರತಿ ಊರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿ ಇದೆ. ದವಾಖಾನೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಅದರಲ್ಲಿ ನಿಮ್ಮ ಊರಿನವರು ಯಾರಿದ್ದಾರೆಂದು ಮೊದಲು ವಿಚಾರಿಸಿರಿ. ಹೆಸರು ಕಾಗದದಲ್ಲಿದ್ದು ಸಭೆಗೆ ಕರೆಯೇ ಬಾರದವರೂ ಇರಬಹುದು. ಸಭೆ ಸೇರಿದಾಗ, ಅಂಕ ಎಷ್ಟು ಬಂತು ಎಂದು ಕೇಳಿ ಸುಮ್ಮನಾಗಬೇಡಿರಿ. ಯಾವ ಅಂಶಕ್ಕೆ ಸೊನ್ನೆ ಬಂತು ಎಂದು ಕೇಳಿರಿ. ಸೊನ್ನೆಗಳ ಪಟ್ಟಿಯಲ್ಲಿ ಎರಡು ಭಾಗ ಮಾಡಿಸಿರಿ: ದವಾಖಾನೆಯವರೇ ಸರಿಪಡಿಸಬಹುದಾದದ್ದು ಯಾವುದು, ಬೀದರದಿಂದಲೋ ಬೆಂಗಳೂರಿನಿಂದಲೋ ಬರಬೇಕಾದದ್ದು ಯಾವುದು. ಮೊದಲನೆಯದಕ್ಕೆ ದವಾಖಾನೆಯವರಿಂದ ದಿನ ಗೊತ್ತುಮಾಡಿಸಿರಿ. ಎರಡನೆಯದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಯಿಸಿ ತಾಲೂಕು ಆರೋಗ್ಯಾಧಿಕಾರಿಗಳಿಗೂ ಜಿಲ್ಲಾ ಪಂಚಾಯಿತಿಗೂ ಕಳಿಸಿರಿ. ಇಲ್ಲದಿದ್ದರೆ ಮೇಲಿನವರ ತಪ್ಪಿಗೆ ನರ್ಸಮ್ಮ ಬೈಸಿಕೊಳ್ಳುವುದು ನಡೆದೇ ಇರುತ್ತದೆ.

ಇನ್ನು ಫಲಿತಾಂಶದ ಲೆಕ್ಕ. ಎಷ್ಟು ಹೆರಿಗೆಗಳಾದವು, ಅದರಲ್ಲಿ ರಾತ್ರಿ ಎಷ್ಟು? ರಾತ್ರಿಯ ಹೆರಿಗೆ ಬಹಳ ಕಡಿಮೆಯೆಂದರೆ ರಾತ್ರಿ ಬಾಗಿಲು ತೆರೆದಿರುವುದಿಲ್ಲವೆಂದು ಊಹಿಸಬಹುದು. ಕೂಸುಗಳು ಕಚೇರಿಯ ವೇಳೆ ನೋಡಿ ಹುಟ್ಟುವುದಿಲ್ಲ. ಮುಂದಿನ ಆಸ್ಪತ್ರೆಗೆ ಕಳಿಸಿದವರು ಎಷ್ಟು, ಏಕೆ ಕಳಿಸಿದರು, ಅವರು ಏನಾದರು? ಹೇಳದೆ ಕೇಳದೆ ಎದ್ದು ಹೋದ ರೋಗಿಗಳೆಷ್ಟು? ಈ ಲೆಕ್ಕಗಳನ್ನು ಇಡುವುದು ಮಾನಕಗಳ ಪ್ರಕಾರವೇ ದವಾಖಾನೆಯ ಕರ್ತವ್ಯ. ಆದುದರಿಂದ ಸಮಿತಿಯಲ್ಲಿ ಕೇಳಿದರೆ ಉದ್ಧಟತನವಾಗುವುದಿಲ್ಲ. ಒಂದು ತಿಂಗಳ ಅಂಕಿಯಿಂದ ತೀರ್ಪು ಮಾಡಕೂಡದು. ಚಿಕ್ಕ ಕೇಂದ್ರದಲ್ಲಿ ಒಂದೆರಡು ಪ್ರಸಂಗದಿಂದಲೇ ಲೆಕ್ಕ ಏರುಪೇರಾಗುತ್ತದೆ. ಎರಡು-ಮೂರು ವರ್ಷದ್ದನ್ನು ಸಾಲಾಗಿ ಬರೆದು ನೋಡಬೇಕು. ಮುಂದಕ್ಕೆ ಕಳಿಸಿದವರ ಸಂಖ್ಯೆ ಹೆಚ್ಚಾದರೆ ಕೂಡಲೇ ತಪ್ಪೆನ್ನಲೂ ಬಾರದು. ಗಂಡಾಂತರವನ್ನು ಬೇಗ ಗುರುತಿಸಿ ಬೇಗ ಕಳಿಸಿದ್ದರೆ ಅದು ಒಳ್ಳೆಯ ಕೆಲಸವೇ.

ಪ್ರಮಾಣಪತ್ರದ ಮೇಲಿನ ತಾರೀಖನ್ನೂ ನೋಡಿರಿ. ಅದರ ಅವಧಿ ಮೂರು ವರ್ಷ. ನಡುವಿನ ಎರಡು ವರ್ಷ ರಾಜ್ಯದವರು ಬಂದು ಮಟ್ಟ ಉಳಿದಿದೆಯೇ ಎಂದು ತಾಳೆ ನೋಡಬೇಕು. ಉತ್ತರ ಪ್ರದೇಶದಲ್ಲಿ ೭೩ ಇದ್ದುದು ೬೨ಕ್ಕೆ ಇಳಿದದ್ದು ಒಂದು ವರ್ಷದೊಳಗೆ ಎಂಬುದನ್ನು ನೆನೆದರೆ, ಈ ನಡುವಿನ ಭೇಟಿಗಳು ನಡೆದವೇ ಎಂದು ಕೇಳುವುದು ಎಷ್ಟು ಅವಶ್ಯವೆಂದು ತಿಳಿಯುತ್ತದೆ. ೨೦೨೪ರ ಜೂನಿನಿಂದ ಉಪಕೇಂದ್ರಗಳನ್ನು, ಅಂದರೆ ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಕರೆಯುವವನ್ನು, ದೂರದಿಂದಲೇ ಕ್ಯಾಮೆರಾದಲ್ಲಿ ನೋಡಿ ಪರೀಕ್ಷಿಸುವ ಪದ್ಧತಿಯನ್ನೂ ತಂದಿದ್ದಾರೆ. ಖರ್ಚು ಉಳಿಯುತ್ತದೆ, ಬಹಳ ಕೇಂದ್ರಗಳನ್ನು ಬೇಗ ಮುಗಿಸಬಹುದು. ಆದರೆ ಕ್ಯಾಮೆರಾ ತೋರಿಸಿದ ಕಡೆ ಮಾತ್ರ ನೋಡುತ್ತದೆ. ತೋರಿಸದ ಮೂಲೆಯನ್ನು ಬಲ್ಲವರು ಊರಿನವರು.

ಪರೀಕ್ಷಕರು ರೋಗಿಗಳನ್ನು ಮಾತಾಡಿಸುತ್ತಾರೆಂದು ಮೇಲೆ ಹೇಳಿದೆ. ಆ ದಿನ ನಮ್ಮ ಜನ ಮಾಡುವ ತಪ್ಪೊಂದಿದೆ. ದೊಡ್ಡ ಸಾಹೇಬರು ಬಂದಿದ್ದಾರೆ, ನಾಳೆ ಇದೇ ಡಾಕ್ಟರ ಕೈಗೆ ಬರಬೇಕು ಎಂದು ಅಳುಕಿ, “ಎಲ್ಲಾ ಚಲೋ ಅದರಿ” ಎಂದುಬಿಡುತ್ತಾರೆ. ಔಷಧ ಹೊರಗಿನಿಂದ ಕೊಂಡು ತಂದಿದ್ದರೆ ತಂದೆವೆಂದು ಹೇಳಿರಿ. ಯಾರಾದರೂ ದುಡ್ಡು ಕೇಳಿದ್ದರೆ ಕೇಳಿದರೆಂದು ಹೇಳಿರಿ. ನರ್ಸಮ್ಮನವರು ರಾತ್ರಿಯೆಲ್ಲ ಕಾದು ಕುಳಿತು ಆರೈಕೆ ಮಾಡಿದ್ದರೆ ಅದನ್ನೂ ತಪ್ಪದೆ ಹೇಳಿರಿ. ಪರೀಕ್ಷಕರು ನಿಮ್ಮ ಹಾಸಿಗೆಯ ಬಳಿಗೆ ಬಾರದೆ ಹೋದರೆ, ದವಾಖಾನೆಯಲ್ಲಿ ದೂರು-ಸಲಹೆಯ ಪೆಟ್ಟಿಗೆ ಇರತಕ್ಕದ್ದು, ೧೦೪ ಎಂಬ ಆರೋಗ್ಯ ಸಹಾಯವಾಣಿಯೂ ಇದೆ. ಬರೆಯುವಾಗ ದಿನ, ವೇಳೆ, ಯಾವ ಕೋಣೆ ಎಂಬುದನ್ನು ತಪ್ಪದೆ ಹಾಕಿರಿ; ಶಾಲೆಗೆ ಹೋಗುವ ಮಕ್ಕಳಿಂದ ಬರೆಯಿಸಿದರೂ ಸರಿಯೇ.